ನೋವಿಗೆ ಎರಡು ನಿಮಿಷ

ಮೊನ್ನೆ ಮೊಮ್ಮಗಳು ತನ್ನ ಕೂಸಿಗೆ ನೀರೆರೆದು, ತಲೆಗೂದಲಿಗೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದಳು. ಮನೆಯವರಿಗೆಲ್ಲ ಅದು ಹಿತವಾದ ವಾಸನೆ. ನಾನು ಮಾತ್ರ ಕುಳಿತಲ್ಲಿಂದ ಎದ್ದು ಹಿತ್ತಲಿಗೆ ಹೋದೆ. "ಏನಾಯ್ತಜ್ಜಿ?" ಎಂದು ಕೇಳಿದಳು. ಏನೂ ಇಲ್ಲ ಎಂದೆ. ಎಪ್ಪತ್ತು ವರ್ಷಗಳ ಹಿಂದಿನ ಒಂದು ಕೋಣೆಯನ್ನು ಅವಳಿಗೆ ಹೇಗೆ ತೋರಿಸಲಿ...

ಆಗ ನನಗೆ ಇಪ್ಪತ್ತು. ತ್ಯಾಮಗೊಂಡ್ಲುವಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಎರಡನೆಯ ಟೀಚರಾಗಿ ಸೇರಿದ್ದೆ. ಮೊದಲನೆಯವರು ನಮ್ಮ ದೊಡ್ಡ ಟೀಚರಮ್ಮ. ಹತ್ತು ವರ್ಷಕ್ಕೇ ಗಂಡನನ್ನು ಕಳೆದುಕೊಂಡು, ಅಣ್ಣನೊಬ್ಬನ ಹಟದಿಂದ ಓದಿ, ಅದೇ ಊರಿನಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದರು. ಶಾಲೆ ಬಿಡಿಸಿದ ಹುಡುಗಿಯರ ಮನೆಗೆ ತಾವೇ ಹೋಗಿ, ಜಗಲಿಯ ಮೇಲೆ ಕುಳಿತುಬಿಡುತ್ತಿದ್ದರು. "ಮಗೂನ ಕಳಿಸೋವರೆಗೂ ನಾನೇಳಲ್ಲ" ಎನ್ನುತ್ತಿದ್ದರು. ಎಷ್ಟೋ ಅಪ್ಪಂದಿರು ಆ ಜಗಲಿಗೆ ಹೆದರಿಯೇ ಮಗಳನ್ನು ಕಳಿಸುತ್ತಿದ್ದರು. ನನಗೂ ಬಯ್ಯುತ್ತಿದ್ದರು. ಕಪ್ಪು ಹಲಗೆಯ ಮೇಲೆ ನನ್ನ ಅಕ್ಷರ ಸೊಟ್ಟಗಿರುತ್ತಿತ್ತು.

ಅವರ ಎದೆಯಲ್ಲಿ ಗಡ್ಡೆಯೊಂದು ಎದ್ದಿದ್ದನ್ನು ಒಂದು ವರ್ಷ ಯಾರಿಗೂ ಹೇಳಲಿಲ್ಲ. ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಅಣ್ಣ ಹೋಗಿ ಬಹಳ ಕಾಲವಾಗಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಅದು ಒಡೆದು ಹುಣ್ಣಾಗಿತ್ತು. ಇನ್ನು ಮಾಡುವುದೇನೂ ಇಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ನಾನು ಅವರ ಮನೆಗೇ ಬಂದು ಉಳಿದೆ. ಹುಣ್ಣಿನ ವಾಸನೆ ಬಂದವರಿಗೆ ಹೊಡೆಯಬಾರದೆಂದು ಅವರು ಹೊತ್ತು ಹೊತ್ತಿಗೂ ಸಾಂಬ್ರಾಣಿ ಹಾಕಿಸುತ್ತಿದ್ದರು.

ಊರಲ್ಲೇ ಇದ್ದ ಡಾಕ್ಟರರೊಬ್ಬರು ದಿನಕ್ಕೊಮ್ಮೆ ಬಂದು ನೋವು ತಗ್ಗಿಸುವ ಸೂಜಿ ಹಾಕುತ್ತಿದ್ದರು. ನಾಲ್ಕು ಗಂಟೆ ನೆಮ್ಮದಿ. ಉಳಿದ ಇಪ್ಪತ್ತು ಗಂಟೆ... ಅದನ್ನು ಬರೆಯಲಾರೆ. ಒಂದು ದಿನ ಟೀಚರಮ್ಮ ನನ್ನೆದುರಿಗೇ ಅವರನ್ನು ಕೇಳಿದರು. "ಇದು ವಾಸಿ ಆಗಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನನ್ನನ್ನ ಕಳಿಸ್ಕೊಟ್ಟುಬಿಡಿ ಡಾಕ್ಟ್ರೇ. ನಾನೇ ಕೇಳ್ತಾ ಇದ್ದೀನಿ, ಬುದ್ಧಿ ಸರಿಯಾಗಿದ್ದುಕೊಂಡೇ ಕೇಳ್ತಾ ಇದ್ದೀನಿ." ಡಾಕ್ಟರರು ಚೀಲ ಮುಚ್ಚಿಕೊಂಡು ಹೋದರು.

ಆ ಮಾತು ಎರಡೇ ದಿನಕ್ಕೆ ಕಾಫಿ ಹೋಟೆಲಿನಲ್ಲಿತ್ತು. ಡಾಕ್ಟರರೇ ಯಾರಿಗೋ ಹೇಳಿದ್ದಿರಬೇಕು. ಅಲ್ಲಿಂದ ಅದು ವಾಚನಾಲಯಕ್ಕೆ ಹೋಯಿತು. ಇಂಗ್ಲೆಂಡಿನಲ್ಲಿ ಇಂಥದಕ್ಕೊಂದು ಕಾನೂನು ಬೇಕೆಂದು ದೊಡ್ಡವರು ವಾದಿಸುತ್ತಿದ್ದಾರೆ ಎಂದು ಇಂಗ್ಲಿಷ್ ಪೇಪರಿನಲ್ಲಿ ಓದಿದವರೊಬ್ಬರು ಅಲ್ಲಿದ್ದರು. ಸರಿ, ಭಾನುವಾರ ಮಧ್ಯಾಹ್ನ ಚರ್ಚಾಕೂಟ ಎಂದು ಬಾಗಿಲಿಗೆ ಕಾಗದ ಅಂಟಿಸಿದರು. 'ಗುಣವಾಗದ ರೋಗಿಯು ಕೋರಿದಲ್ಲಿ ಮರಣ ಕರುಣಿಸಬಹುದೇ?' ಪರವಾಗಿ ಮೂವರು, ವಿರೋಧವಾಗಿ ಮೂವರು. ಕಂದಾಯ ಇಲಾಖೆಯ ನಿವೃತ್ತ ಶೇಕ್‌ದಾರರು ಅಧ್ಯಕ್ಷರು. ಯಾವ ರೋಗಿ ಎಂದು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಕೋಪ ತಡೆಯಲಾರದೆ ನಾನು ಅದನ್ನು ಟೀಚರಮ್ಮನಿಗೆ ಹೇಳಿಬಿಟ್ಟೆ. ಅವರು "ಗಾಡಿ ಕಟ್ಟಿಸು" ಎಂದರು.

"ನಿಮ್ಮ ಕೈಲಾಗಲ್ಲ ಟೀಚರಮ್ಮ."

"ನನ್ನ ವಿಷ್ಯ ಮಾತಾಡ್ತಾರಂತೆ, ನಾನಿಲ್ಲದೆ ಹೇಗೆ? ಕಟ್ಟಿಸೇ."

ಗಾಡಿಗೆ ದಪ್ಪಗೆ ಹುಲ್ಲು ಹಾಸಿ, ಮೇಲೆ ಎರಡು ಕೌದಿ ಹಾಕಿದೆವು. ಮೂರು ಬೀದಿ ದಾಟುವಷ್ಟರಲ್ಲಿ ಅವರು ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಕಚ್ಚಿ ಹರಿದುಹಾಕಿದ್ದರು. ವಾಚನಾಲಯಕ್ಕೆ ಎತ್ತರದ ಮೆಟ್ಟಿಲು. ಹತ್ತಿಸಲು ಆಗಲಿಲ್ಲ. ಗಾಡಿಯನ್ನು ಕಿಟಕಿಯ ಪಕ್ಕಕ್ಕೆ ನಿಲ್ಲಿಸಿದೆವು.

ಒಳಗೆ ಮಾತು ಜೋರಾಗಿತ್ತು. ಒಬ್ಬರು, ಕರ್ಮವನ್ನು ಉಂಡೇ ತೀರಿಸಬೇಕು, ನಡುವೆ ಎದ್ದುಹೋಗುವುದು ಪಾಪ ಎಂದರು. ಬೆಂಗಳೂರಿನಲ್ಲಿ ಲಾ ಓದುತ್ತಿದ್ದವನೊಬ್ಬ, ದಯೆಯೇ ನಾಗರಿಕತೆಯ ಲಕ್ಷಣ ಎಂದ. ಎರಡಕ್ಕೂ ಚಪ್ಪಾಳೆ ಬಿತ್ತು. ಗಾಡಿ ಬಂದು ನಿಂತದ್ದನ್ನು ಎಲ್ಲರೂ ನೋಡಿದ್ದರು. ಆ ಕರುಣೆಯ ಪರ ಮಾತಾಡಿದವನೂ ಸಹ ಒಮ್ಮೆ ನೋಡಿ, ಮುಖ ಆಚೆ ತಿರುಗಿಸಿಕೊಂಡು ಮುಂದುವರಿಸಿದ. ನನಗೆ ಈಗಲೂ ರಕ್ತ ಕುದಿಯುವುದು ಅದಕ್ಕೇ.

ನಾನು ಒಳಗೆ ಹೋಗಿ, ಟೀಚರಮ್ಮ ಮಾತಾಡಬೇಕಂತೆ ಎಂದೆ. ಶೇಕ್‌ದಾರರು ಕೈಯಲ್ಲಿದ್ದ ಪಟ್ಟಿ ನೋಡಿದರು. "ಮುಂಚಿತವಾಗಿ ಹೆಸರು ಕೊಟ್ಟಿಲ್ವಲ್ಲಮ್ಮ" ಎಂದರು. ಹಿಂದಿನಿಂದ ಯಾರೋ ಗೊಣಗಿದ ಮೇಲೆ, ಎರಡು ನಿಮಿಷ ಕೊಟ್ಟರು.

ಟೀಚರಮ್ಮ ಕಿಟಕಿಯ ಸರಳು ಹಿಡಿದು ಅರ್ಧ ಎದ್ದರು. ಕ್ಲಾಸಿನಲ್ಲಿ ಕೊನೆಯ ಸಾಲಿಗೂ ಕೇಳಿಸುತ್ತಿದ್ದ ಗಂಟಲು ಒಣಗಿಹೋಗಿತ್ತು.

"ಪಾಪ ಪುಣ್ಯ ನೀವು ಮಾತಾಡ್ಕೊಳಿ, ನಾನು ಬೇಡ ಅನ್ನಲ್ಲ. ನನಗೆ ಸಾಯೋ ಆಸೆ ಇಲ್ಲ. ಈ ನೋವು ತಡೆಯಕ್ಕಾಗ್ತಿಲ್ಲ, ಅಷ್ಟೇ. ಸೂಜಿ ಮದ್ದಿನ ಗುಣ ಇಳಿದ ಮೇಲಿನ ಹೊತ್ತಿಗೆ ನಿಮ್ಮಲ್ಲಿ ಯಾರಾದ್ರೂ ಏನಾದ್ರೂ ಮಾಡ್ತೀರಾ? ಮಾಡಿ, ನಾನು ಇರ್ತೀನಿ. ಆಗಲ್ಲ ಅಂದ್ರೆ ನಾನು ಕೇಳಿದ್ದು ಕೊಡಿ. ಅದೂ ಇಲ್ಲ, ಇದೂ ಇಲ್ಲ ಅನ್ನೋದಕ್ಕೆ ನೀವು..."

ಶೇಕ್‌ದಾರರು ಗಂಟೆ ಬಾರಿಸಿದರು. ಎರಡು ನಿಮಿಷ ಮುಗಿದಿತ್ತು.

ಕೈ ಎತ್ತಿಸಿ ಎಣಿಸಿದರು. ವಿರೋಧದವರು ಗೆದ್ದರು. ಗೆದ್ದವರಿಗೂ ಸೋತವರಿಗೂ ಕಾಫಿ ಬಂತು. ನಾವು ಗಾಡಿ ತಿರುಗಿಸಿಕೊಂಡು ಬಂದೆವು.

ಅಷ್ಟಕ್ಕೇ ನಿಂತಿದ್ದರೆ ನಾನು ಎಂದೋ ಮರೆಯುತ್ತಿದ್ದೆನೇನೋ. ಮರುದಿನ ಡಾಕ್ಟರರು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾನೇ ಅವರ ಮನೆಗೆ ನಡೆದು ಹೋದೆ. ಅವರು ಬಾಗಿಲಲ್ಲೇ ನಿಂತು ಹೇಳಿದರು. "ಊರೆಲ್ಲ ಕಣ್ಣಿಟ್ಟಿದೆ ಕಣಮ್ಮ. ನಾನು ಸೂಜಿ ಹಾಕಿದ ದಿನಾನೇ ಆಕೆ ಹೋಗ್ಬಿಟ್ರೆ? ನಾನೇ ಕೊಂದೆ ಅಂತ ಕೇಸ್ ಹಾಕ್ತಾರೆ. ಶೇಕ್‌ದಾರ್ರು ಆಗ್ಲೇ ಎಚ್ಚರಿಕೆ ಹೇಳಿದ್ದಾರೆ. ನಾನೂ ಹೆಂಡ್ತಿ ಮಕ್ಕಳಿರೋನು."

ಸಾಯಿಸಿ ಎಂದು ನಾನು ಕೇಳಲು ಹೋಗಿರಲಿಲ್ಲ. ದಿನದ ಆ ನಾಲ್ಕು ಗಂಟೆಯನ್ನು ವಾಪಸು ಕೊಡಿ ಎಂದು ಕೇಳಲು ಹೋಗಿದ್ದೆ. ಅವರ ಕಾಲು ಹಿಡಿದೆ. ಬಯ್ದೆ. ಬಾಗಿಲು ಹಾಕಿಕೊಂಡರು. ನೆಲಮಂಗಲಕ್ಕೆ ಹೋದೆ, ಅಲ್ಲಿಯವರಿಗೂ ಸುದ್ದಿ ಮುಟ್ಟಿತ್ತು.

ಟೀಚರಮ್ಮ ಇನ್ನೂ ಹದಿನೇಳು ದಿನ ಬದುಕಿದ್ದರು. ಬೀದಿಯ ಜನ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಅಂಥ ಹೊತ್ತಿನಲ್ಲೂ ಒಮ್ಮೆ, "ನೀನು ಯಾಕೆ ಹೇಳಿದೆ ನನಗೆ, ಹೋಗದೇ ಇದ್ದಿದ್ರೆ ಸೂಜಿನಾದ್ರೂ ಬರ್ತಿತ್ತು" ಎಂದರು. ಸ್ವಲ್ಪ ಹೊತ್ತಿಗೆ ನನ್ನ ಕೈ ಹಿಡಿದು, "ಇಲ್ಲ ಕಣೇ, ಹೇಳಿದ್ದೇ ಒಳ್ಳೇದಾಯ್ತು" ಎಂದರು. ಎರಡರಲ್ಲಿ ಯಾವುದು ಅವರ ನಿಜವಾದ ಮಾತು... ನನಗೆ ತಿಳಿಯಲಿಲ್ಲ.

ಅದೇ ವಾಚನಾಲಯದಲ್ಲಿ ಸಂತಾಪ ಸಭೆ ನಡೆಯಿತು. ಶೇಕ್‌ದಾರರು, ನೋವನ್ನು ನಗುನಗುತ್ತಾ ಸಹಿಸಿದ ಸಾಧ್ವಿ ಎಂದು ಕಣ್ಣೊರೆಸಿಕೊಂಡರು. ನಾನು ಎದ್ದು ನಿಂತೆ. "ನಗಲಿಲ್ಲ ಸಾರ್. ಹದಿನೇಳು ದಿನ ಕೂಗಿದ್ರು. ನಿಮ್ಮ ಮನೆಗೂ ಕೇಳಿಸ್ತಿತ್ತು" ಎಂದೆ. ಯಾರೂ ನನ್ನನ್ನು ತಡೆಯಲಿಲ್ಲ. ಮುಂದಿನ ತಿಂಗಳು ನನ್ನನ್ನು ಬೇರೆ ಊರಿಗೆ ವರ್ಗ ಮಾಡಿದರು.

ಈಗ ಟೀವಿಯಲ್ಲಿ ಮತ್ತೆ ಅದೇ ಚರ್ಚೆ. ಕೋರ್ಟು ಹಾಗೆ ಹೇಳಿತು, ಹೀಗೆ ಹೇಳಿತು ಎಂದು ಆರು ಜನ ಒಟ್ಟಿಗೆ ಕೂಗಾಡುತ್ತಾರೆ. ನಿಮ್ಮ ಅಭಿಪ್ರಾಯ ಏನಜ್ಜಿ ಎಂದು ಮೊಮ್ಮಗಳ ಗಂಡ ಕೇಳಿದ. ಕಾನೂನು ಬೇಕೋ ಬೇಡವೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಲವಂತದಿಂದ ಮುದುಕರನ್ನು ಕಳಿಸಿಬಿಡುವವರೂ ಇರುತ್ತಾರೆ ಎಂಬ ಹೆದರಿಕೆ ನನಗೂ ಇದೆ. ಆದರೆ ಆ ಆರು ಜನರಲ್ಲಿ ಹಾಸಿಗೆ ಹಿಡಿದವರು ಒಬ್ಬರೂ ಇರಲಿಲ್ಲ. ಅದನ್ನಷ್ಟೇ ಅವನಿಗೆ ಹೇಳಿದೆ.

ಟೀಚರಮ್ಮನ ಒಂದು ಫೋಟೋ ಕೂಡ ಯಾರ ಹತ್ತಿರವೂ ಇಲ್ಲ. ಅವರಿಂದ ಅಕ್ಷರ ಕಲಿತ ಹುಡುಗಿಯರೂ ಒಬ್ಬೊಬ್ಬರಾಗಿ ಹೋಗಿಬಿಟ್ಟರು. ಮುಖ ನೆನಪಿಸಿಕೊಳ್ಳಲು ಹೊರಟರೆ ಹಣೆ ಸಿಗುತ್ತದೆ, ಕಣ್ಣು ಸಿಗುವುದಿಲ್ಲ...