ಅಕ್ಕೋರ ಪೆನ್ನಿಗೆ ಕೂರಿಸಿದ ಹಿತ್ತಾಳೆ ಕಳಶ

ಆ ಪೆನ್ನಿನ ಮುಚ್ಚಳದ ತುದಿಯನ್ನು ಕತ್ತರಿಸಿದ್ದು ನಾನೇ. ಅರ್ಧ ಕಡಲೆಕಾಳಿನಷ್ಟು ದಪ್ಪದ ತುಂಡು. ಲೇತಿನ ಮೇಲೆ ಕಪ್ಪು ಪುಡಿಯಾಗಿ ಉದುರಿತು. ಎಬೊನೈಟ್ ಎಂಬ ಗಟ್ಟಿ ರಬ್ಬರನ್ನು ಕತ್ತರಿಸುವಾಗ ಬರುವ ಗಂಧಕದ ವಾಸನೆ ಸ್ವಲ್ಪ ಹೊತ್ತು ಕೋಣೆಯಲ್ಲಿ ನಿಂತಿತ್ತು. ಕತ್ತರಿಸುವಾಗ ನನಗೆ ಯಾವ ಅಳುಕೂ ಇರಲಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡಬೇಕು. ಪುಡಿಯನ್ನು ಬ್ರಷ್‌ನಿಂದ ಗುಡಿಸಿ ಡಬ್ಬಿಗೆ ಹಾಕಿದೆ, ಚಹಾ ಕುಡಿದೆ.

ಸಾಗರದಲ್ಲಿ ನಮ್ಮದು ಗಂಧದ ಕೆತ್ತನೆ ಮಾಡುತ್ತಿದ್ದ ಮನೆ. ಅಪ್ಪ ಪೆಟ್ಟಿಗೆ, ದೇವರ ಮೂರ್ತಿ ಮಾಡುತ್ತಿದ್ದರು. ಗಂಧ ಸಿಗುವುದು ಕಷ್ಟವಾದ ಮೇಲೆ ನಾನು ಬೀಟೆ, ಶಿವನೆ ಮರ ಎಂದು ಕೆಲವು ವರ್ಷ ಕಳೆದು, ಕೊನೆಗೆ ಹಳೆಯ ಶಾಯಿ ಪೆನ್ನುಗಳಿಗೆ ಬಂದು ನಿಂತೆ. ಜನ ಕಪಾಟಿನ ಮೂಲೆಯಲ್ಲಿ ಸಿಕ್ಕ ಪೆನ್ನು ತರುತ್ತಾರೆ. ಕ್ಲಿಪ್ಪು ಮುರಿದಿರುತ್ತದೆ, ಮುಚ್ಚಳದ ಉಂಗುರ ಎಲ್ಲೋ ಬಿದ್ದುಹೋಗಿರುತ್ತದೆ. ಅದರ ಜಾಗಕ್ಕೆ ನಾನು ಹಿತ್ತಾಳೆಯದೋ ಮರದ್ದೋ ಹೊಸದು ಮಾಡಿ, ಮೇಲೆ ಬಳ್ಳಿ ಕೆತ್ತಿ ಕೂರಿಸುತ್ತೇನೆ. ಮುಗಿದ ಮೇಲೆ ಮುಚ್ಚಳ ಹಾಕಿ, ಕೆಂಪು ಬಟ್ಟೆಯ ಮೇಲೆ ಮಲಗಿಸಿ ಫೋಟೊ ತೆಗೆಯುತ್ತೇನೆ. ಹತ್ತು ವರ್ಷದಲ್ಲಿ ನಾನು ತೆಗೆದ ಒಂದು ಫೋಟೊದಲ್ಲೂ ಪೆನ್ನಿನ ಮುಚ್ಚಳ ತೆರೆದಿಲ್ಲ. ಇದು ನನ್ನ ಗಮನಕ್ಕೆ ಬಂದದ್ದು ಬಹಳ ತಡವಾಗಿ.

ಆ ಪೆನ್ನು ತಂದವಳು ಶಿವಮೊಗ್ಗದಲ್ಲಿ ನರ್ಸ್ ಆಗಿರುವ ಹುಡುಗಿ. ಹೊಸನಗರದವಳು. ನನ್ನ ಫೋಟೊಗಳನ್ನು ಫೋನಿನಲ್ಲಿ ನೋಡಿ ಬಂದಿದ್ದಳು.

"ಅಣ್ಣ, ಇದು ನಮ್ಮ ದೊಡ್ಡಜ್ಜಿದು. ಅಜ್ಜನ ಅಕ್ಕ. ಊರಲ್ಲಿ ಎಲ್ರಿಗೂ ಅಕ್ಕೋರು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ್ದು ಇದೇ ಪೆನ್ನಲ್ಲಿ. ಊರಿನ ಲಗ್ನಪತ್ರಿಕೆಗಳೆಲ್ಲ ಅವರೇ ಬರೆಯೋದು. ಈಗ ನನ್ನದು ಬಂತು."

"ಅವರು ಕೊಟ್ಟು ಕಳಿಸಿದ್ದಾ?"

"ಒಂದು ಕ್ಲಿಪ್ ಹಾಕಿಸ್ಕೊಂಡು ಬಾ ಅಂದ್ರು. ಉಳಿದಿದ್ದು ನನ್ನ ಕಡೆಯಿಂದ. ಮದುಮಗಳ ಹಾಗೆ ಮಾಡಿ ಕೊಡ್ಬೇಕು."

"ಮದುಮಗಳು ನೀನಾ, ಪೆನ್ನಾ?"

"ನಾನು ಹೆಂಗಿದ್ರೂ ನಡೀತದೆ. ಹುಡುಗ ಆಗ್ಲೇ ಒಪ್ಪಿದ್ದಾನೆ. ಫೋಟೊದಲ್ಲಿ ಪೆನ್ನು ಕಾಣ್ಬೇಕು."

ಕ್ಲಿಪ್ಪು ಮಾತ್ರ ಎಂದು ಅಕ್ಕೋರು ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡೂ ಕೆಲಸಕ್ಕೆ ಕೂತೆ. ಕಪ್ಪು ಎಬೊನೈಟಿನ, ಒಡಲಿಗೇ ಫಿಲ್ಲರ್‌ನಿಂದ ಶಾಯಿ ಬಿಡುವ ಹಳೆಯ ಕಾಲದ ಪೆನ್ನು. ಮುಚ್ಚಳದ ತುದಿ ಸ್ವಲ್ಪ ಚಕ್ಕೆ ಎದ್ದಿತ್ತು. ಅದನ್ನು ಕತ್ತರಿಸಿ ತೆಗೆದು ಹಿತ್ತಾಳೆಯ ಪುಟ್ಟ ಕಳಶ ಕೂರಿಸಿದೆ. ಹೊಸ ಕ್ಲಿಪ್ಪು, ಮುಚ್ಚಳದ ಬಾಯಿಗೆ ಅಗಲದ ಹಿತ್ತಾಳೆ ಉಂಗುರ. ಅದರ ಮೇಲೆ ಇಕ್ಕೇರಿ ದೇವಸ್ಥಾನದ ಗೋಡೆಯಲ್ಲಿ ನಾನು ಎಷ್ಟೋ ಸಲ ನೋಡಿದ್ದ ಬಳ್ಳಿ. ಐದು ದಿನ ಹಿಡಿಯಿತು. ಚೆನ್ನಾಗಿ ಬಂದಿತ್ತು. ಎಷ್ಟು ಚೆನ್ನಾಗಿ ಎಂದರೆ, ಕೊರಿಯರ್‌ಗೆ ಕೊಡಲು ಮನಸ್ಸಾಗದೆ ನಾನೇ ಹೊಸನಗರದ ಬಸ್ಸು ಹತ್ತಿದೆ.

ಅಕ್ಕೋರ ಮನೆ ಮಾಸ್ತಿಕಟ್ಟೆ ರಸ್ತೆಯಲ್ಲಿ, ಊರು ಮುಗಿಯುವ ಕಡೆ. ತಮ್ಮನ ಕುಟುಂಬದ ಜೊತೆ ಇದ್ದಾರೆ. ಜಗುಲಿಯಲ್ಲಿ ಕಿಟಕಿಯ ಪಕ್ಕ ಒಂದು ಮೇಜು, ಅದರ ಮೇಲೆ ಹಾಳೆಗಳ ಕಟ್ಟು. ಎಂಬತ್ತು ದಾಟಿದ ಸಣ್ಣ ಆಕೃತಿ, ನೆಟ್ಟಗೆ ಕೂತಿದ್ದರು. ಪೆನ್ನನ್ನು ಕೈಗೆ ತೆಗೆದುಕೊಂಡು ಕನ್ನಡಕದ ಹತ್ತಿರ ತಂದು ತಿರುಗಿಸಿ ತಿರುಗಿಸಿ ನೋಡಿದರು.

"ಎಂಥಾ ಕೆಲಸ ಮಾರಾಯ! ಇದಕ್ಕೆ ಶಾಯಿ ಹಾಕೋದೋ, ಹೂವು ಇಡೋದೋ?"

ಆಮೇಲೆ ಶಾಯಿ ತುಂಬಿದರು. ಮುಚ್ಚಳವನ್ನು ಪೆನ್ನಿನ ಹಿಂಬದಿಗೆ ಸಿಕ್ಕಿಸಿದರು. ಒಂದು ಹಾಳೆ ಎಳೆದುಕೊಂಡು ಮೇಲ್ಗಡೆ ನಡುವೆ 'ಶ್ರೀ' ಎಂದು ಬರೆಯಲು ಶುರುಮಾಡಿದರು.

ಕೈ ನಡುಗಿತು. ವಯಸ್ಸಾದವರ ಕೈಯ ಸಣ್ಣ ನಡುಕವಲ್ಲ. ಪೆನ್ನಿನ ಹಿಂಬದಿಯಲ್ಲಿದ್ದ ಕಳಶ ಅತ್ತಿತ್ತ ತೂಗುತ್ತಿತ್ತು, ಅದರ ಹಿಂದೆ ಕೈಯೇ ಹೋಗುತ್ತಿತ್ತು. ಶ್ರೀಯ ಸುತ್ತು ಹರಿದು ಗೆರೆ ಹಾಳೆಯ ಅಂಚಿನವರೆಗೆ ಓಡಿತು. ಅದರ ಪಕ್ಕದಲ್ಲೇ, ಪೆನ್ನು ನನ್ನ ಹತ್ತಿರ ಬರುವ ಮೊದಲು ಅವರು ಅಭ್ಯಾಸಕ್ಕೆಂದು ಬರೆದಿಟ್ಟ ಹಾಳೆ ಇತ್ತು. ಅದರಲ್ಲಿನ ಹನ್ನೊಂದು ಶ್ರೀಗಳನ್ನು ಎಣಿಸಿದೆ. ಸ್ವಲ್ಪ ಅಲುಗಿದ್ದವು, ಆದರೆ ಎಲ್ಲವೂ ನಿಂತಿದ್ದವು.

ಅಕ್ಕೋರು ಪೆನ್ನು ಕೆಳಗಿಟ್ಟು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಚೆನ್ನಾಗಿದೆ" ಅಂದರು.

ಬಾಗಿಲಲ್ಲಿ ನಿಂತಿದ್ದ ಅವರ ತಮ್ಮ, ಮದುಮಗಳ ಅಜ್ಜ, ಎಲ್ಲ ನೋಡಿದ್ದರು. "ಅಕ್ಕ, ಗಂಡಿನ ಕಡೆ ತೀರ್ಥಹಳ್ಳಿಯವರು ಪತ್ರಿಕೆ ಪ್ರಿಂಟ್ ಆದ್ರೂ ಅಡ್ಡಿಲ್ಲ ಅಂದಿದ್ದಾರೆ. ಜೆರಾಕ್ಸ್ ಅಂಗಡೀಲಿ ಹತ್ತು ನಿಮಿಷದ ಕೆಲಸ."

"ನಿನ್ನ ಮದುವೇದು ಯಾರು ಬರೆದಿದ್ದು?"

"ನೀನೇ."

"ತಪ್ಪಿತ್ತಾ?"

"ಹೆಂಡ್ತಿ ಹೆಸರು ಸರಿ ಇತ್ತು. ಉಳಿದಿದ್ದು ನಾ ಓದ್ಲಿಲ್ಲ."

ಅವರು ಒಳಗೆ ಹೋದ ಮೇಲೆ ಅಕ್ಕೋರು ನನಗೆ ವಿಷಯ ಹೇಳಿದರು. ಲಗ್ನಶಾಸ್ತ್ರದ ದಿನ ಎರಡೂ ಕಡೆಯವರ ಎದುರಿಗೇ ಪತ್ರಿಕೆ ಬರೆಯಬೇಕು, ಎರಡು ಪ್ರತಿ. ಗಂಡಿನ ಕಡೆಯ ಹಿರಿಯರೊಬ್ಬರು ಅದನ್ನು ಗಟ್ಟಿಯಾಗಿ ಓದುತ್ತಾರೆ. "ಓದೋರು ಒಂದು ಅಕ್ಷರಕ್ಕೆ ತಡವರಿಸಿದ್ರೆ ಸಾಕು, ಅಕ್ಕೋರ ಕೈ ಮುಗೀತು ಅಂತ ಆಯ್ತು. ಬರೆಯೋದು ಬಿಡಬಾರದು ಅಂತೇನಿಲ್ಲ ನಂಗೆ. ಬಿಡೋದು ನಾನು ಹೇಳಿ ಬಿಡ್ಬೇಕು. ಇನ್ನೊಬ್ರು ನೋಡಿ ಬಿಡಿಸಬಾರದು."

ಲಗ್ನಶಾಸ್ತ್ರಕ್ಕೆ ಒಂಬತ್ತು ದಿನ ಇತ್ತು.

"ನೀ ಹಳೇದೇ ವಾಪಸ್ ಹಾಕಿ ಕೊಡು" ಅಂದರು. "ಚಂದ ಇಲ್ದಿದ್ರೂ ಆಗ್ತದೆ."

"ಹಳೇದು ಇಲ್ಲ ಅಕ್ಕೋರೆ."

"ಎಲ್ಲಿ ಹೋಯ್ತು?"

"ಕತ್ತರಿಸಿದೆ. ಪುಡಿ ಆಯ್ತು."

ಬೈಯುತ್ತಾರೆ ಎಂದುಕೊಂಡೆ. "ನಾನು ಕ್ಲಿಪ್ ಅಲ್ವಾ ಹೇಳಿದ್ದು?" ಎಂದಷ್ಟೇ ಕೇಳಿದರು. ಹೌದು ಅಂದೆ. ಪೆನ್ನನ್ನು ಜೇಬಿಗೆ ಹಾಕಿಕೊಂಡು ಸಾಗರದ ಬಸ್ಸು ಹತ್ತಿದೆ.

ಮನೆಗೆ ಬಂದು ಮೊದಲು ಮಾಡಿದ ಕೆಲಸ, ಮುಚ್ಚಳವನ್ನೂ ಪೆನ್ನನ್ನೂ ಬೇರೆ ಬೇರೆಯಾಗಿ ತಕ್ಕಡಿಗೆ ಹಾಕಿದ್ದು. ಮುಚ್ಚಳವೇ ಭಾರ. ಹಿಂಬದಿಗೆ ಸಿಕ್ಕಿಸಿದರೆ ಹೆಬ್ಬೆರಳಿನ ಬುಡದ ಆಚೆ, ಕೈಗೆ ಆಸರೆ ಇಲ್ಲದ ಕಡೆ ಅಷ್ಟೂ ಭಾರ ನೇತಾಡುತ್ತದೆ. ಮುಚ್ಚಳ ತೆಗೆದಿಟ್ಟು ಬರೆದರೆ ಸರಿಹೋಗಬಹುದಿತ್ತು. ಫೋನಿನಲ್ಲಿ ಅದನ್ನು ಹೇಳಿದಾಗ ಅಕ್ಕೋರು, "ಅರವತ್ತು ವರ್ಷದಿಂದ ಹಿಂದೆ ಮುಚ್ಚಳ ಇಟ್ಟೇ ಬರೆದ ಕೈ ಇದು. ಈಗ ಅದಕ್ಕೆ ಹೊಸ ಪಾಠ ಹತ್ತೋದಿಲ್ಲ" ಅಂದುಬಿಟ್ಟರು.

ಕಳಶ ಬಿಚ್ಚಿದೆ. ಉಂಗುರ ಬಿಚ್ಚಿದೆ. ಕತ್ತರಿಸಿದ ತುದಿಯ ಜಾಗಕ್ಕೆ ತೆಂಗಿನ ಗೆರಟೆಯ ಒಂದು ಬಿಲ್ಲೆ ತೇದು ಕೂರಿಸಿದೆ. ಎಬೊನೈಟಿನಷ್ಟೇ ಹಗುರ, ಬಣ್ಣವೂ ಹೊಂದುತ್ತದೆ. ಕ್ಲಿಪ್ಪು ಮಾತ್ರ ಉಳಿಸಿದೆ. ಮುಚ್ಚಳದ ತೂಕ ಮೊದಲು ಎಷ್ಟಿತ್ತೋ ನಾನು ನೋಡಿಯೇ ಇರಲಿಲ್ಲ, ಹಾಗಾಗಿ ಮೊದಲಿನಷ್ಟೇ ಆಯಿತು ಎಂದು ಹೇಳಲಾರೆ. ಹತ್ತಿರ ಬಂದಿರಬೇಕು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಮಾರನೆಯ ದಿನ ಸಣ್ಣ ಉಳಿ ಹಿಡಿದು ಬೇರೆ ಕೆಲಸ ಮಾಡುವಾಗ ಒಂದು ಹೊಳೆಯಿತು. ಕೈ ದಣಿದಾಗ ನಾವು ಹಗುರದ ಉಳಿ ಬಿಟ್ಟು, ಬೆರಳ ಹತ್ತಿರ ದಪ್ಪ ಇರುವ ಭಾರದ ಉಳಿ ತೆಗೆದುಕೊಳ್ಳುತ್ತೇವೆ. ಅದು ಕೈಯಲ್ಲಿ ಅಲುಗುವುದಿಲ್ಲ. ಪೆನ್ನಿಗೂ ಹಾಗೇ ಮಾಡಿದರೆ? ಬೆರಳು ಹಿಡಿಯುವ ಕುತ್ತಿಗೆಯ ಮೇಲೆ, ಮುಚ್ಚಳ ಹಾಕಿದರೆ ಒಳಗೆ ಮರೆಯಾಗುವ ಹಾಗೆ, ಒಂದು ಹಿತ್ತಾಳೆ ಬಳೆ. ಮೂರು ತೂಕದ ಮೂರು ಬಳೆ ಮಾಡಿದೆ. ಯಾವುದಕ್ಕೂ ಬಳ್ಳಿ ಕೆತ್ತಲಿಲ್ಲ. ಈ ಸಲ ಯಾವುದನ್ನೂ ಕತ್ತರಿಸಲೂ ಇಲ್ಲ. ಅರಗು ಕಾಯಿಸಿ ಅಂಟಿಸಿದರೆ ಸಾಕು. ಬೇಡವೆಂದರೆ ಬೆಚ್ಚಗೆ ಮಾಡಿ ಎಳೆದರೆ ಬರುತ್ತದೆ.

ನಾಲ್ಕು ದಿನ ಉಳಿದಿರುವಾಗ ಮತ್ತೆ ಹೊಸನಗರಕ್ಕೆ ಹೋದೆ. ಈ ಸಲ ಪೆನ್ನನ್ನು ನೋಡಲಿಲ್ಲ, ಅವರ ಬೆರಳನ್ನೇ ನೋಡುತ್ತ ಕೂತೆ. ಮೊದಲ ಬಳೆ ಹಾಕಿ ಒಂದು ಸಾಲು ಬರೆದರು.

"ಇದು ಎಮ್ಮೆ. ಎಬ್ಬಿಸಿದ್ರೆ ಏಳೋದಿಲ್ಲ."

ಎರಡನೆಯದು ಹಾಕಿದೆ. "ಇದು ಕರು. ಹಿಡಿದಲ್ಲಿ ನಿಲ್ಲೋದಿಲ್ಲ."

ಮೂರನೆಯದು ಹಾಕಿದೆ. ನಾಲ್ಕು ಸಾಲು ಬರೆದರು. ಐದನೆಯದು ಬರೆದರು. ಆಮೇಲೆ, "ಇದು ಹೋಗ್ತದೆ" ಅಂದರು. ಹಾಳೆ ತಿರುಗಿಸಿ ನೋಡಿದೆ. ನಡುಕ ಇತ್ತು. ಆದರೆ ಸುತ್ತುಗಳು ಮುಚ್ಚಿಕೊಂಡಿದ್ದವು, ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂತಿದ್ದವು. ಬಳೆಯಿಂದಲೋ, ಮುಚ್ಚಳ ಹಗುರವಾದ್ದರಿಂದಲೋ, ಆ ದಿನ ಅವರ ಕೈ ಚೆನ್ನಾಗಿತ್ತೋ, ನನಗೆ ಗೊತ್ತಿಲ್ಲ.

ಹುಡುಗಿ ಶಿವಮೊಗ್ಗದಿಂದ ವಿಡಿಯೊ ಕಾಲ್ ಮಾಡಿದಳು. "ಅಣ್ಣ, ಕಳಶ ಎಲ್ಲಿ? ಇದೇನು ಗೆರಟೆ ಟೋಪಿ ಹಾಕಿ ಕೂರ್ಸಿದ್ದೀರಾ?"

"ಕಳಶ ಮನೇಲಿದೆ. ಬೇಕಾದ್ರೆ ನಿನ್ನ ಜಡೆಗೆ ಕಟ್ಟಿ ಕೊಡ್ತೀನಿ."

"ದೊಡ್ಡಜ್ಜಿ, ನೀವಾದ್ರೂ ಹೇಳಿ!"

"ನೀ ಫೋನ್ ಇಡು ಮಾರಾಯ್ತಿ. ನಂಗೆ ಇನ್ನೂ ಎರಡು ಹಾಳೆ ಅಭ್ಯಾಸ ಇದೆ" ಅಂದರು ಅಕ್ಕೋರು.

ಲಗ್ನಶಾಸ್ತ್ರಕ್ಕೆ ನನ್ನನ್ನೂ ಕರೆದಿದ್ದರು. ತೀರ್ಥಹಳ್ಳಿಯಿಂದ ಎರಡು ವ್ಯಾನಿನಲ್ಲಿ ಗಂಡಿನ ಕಡೆಯವರು ಬಂದರು. ನಡುಮನೆಯಲ್ಲಿ ಜಮಖಾನೆ ಹಾಸಿ, ಅಕ್ಕೋರಿಗೆ ಮಾತ್ರ ಮೇಜು ಇಟ್ಟಿದ್ದರು. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಎರಡು ಹಾಳೆ. ಅವರ ತಮ್ಮನ ಶರ್ಟಿನ ಜೇಬಿನಲ್ಲಿ ಮಡಿಸಿದ ಪ್ರಿಂಟು ಕಾಣುತ್ತಿತ್ತು. ಅಕ್ಕೋರಿಗೂ ಕಂಡಿತು. "ಅದನ್ನ ಒಳಗಿಟ್ಟು ಬಾ" ಅಂದರು. ಅವರು ಒಳಗೆ ಇಟ್ಟು ಬಂದರು.

ಮೊದಲ ಪ್ರತಿಗೆ ಬಹಳ ಹೊತ್ತು ಹಿಡಿಯಿತು. ಜನ ತಮ್ಮತಮ್ಮಲ್ಲಿ ಮಾತಾಡುತ್ತಿದ್ದರು, ಯಾರೂ ನೋಡುತ್ತಿರಲಿಲ್ಲ. ನೋಡದೆ ಇದ್ದದ್ದು ಒಳ್ಳೆಯದಾಯಿತು. ನಾನು ಅವರ ಎಡಗಡೆ ನೆಲದ ಮೇಲೆ ಕೂತಿದ್ದೆ. ಐದನೆಯ ಸಾಲಿನಲ್ಲಿ, ಮುಹೂರ್ತದ ಹೊತ್ತು ಬರೆಯುವ ಕಡೆ, ಕೈ ಒಮ್ಮೆ ಜಾರಿತು. ಒಂದು ಒತ್ತಕ್ಷರದ ಬಾಲ ಕೆಳಗಿನ ಸಾಲಿನ ಮೇಲೆ ಬಂತು. ಅವರು ನಿಲ್ಲಿಸಲಿಲ್ಲ, ತಿದ್ದಲೂ ಇಲ್ಲ, ಮುಂದೆ ಬರೆದರು. ಎರಡನೆಯ ಪ್ರತಿಯಲ್ಲಿ ಅರ್ಧಕ್ಕೆ ಕೈ ಪೂರ್ತಿ ದಣಿದಿತ್ತು. ತಮ್ಮನಿಗೂ ನನಗೂ ಮಾತ್ರ ಕೇಳುವ ಹಾಗೆ ಮೆಲ್ಲಗೆ, "ಇದು ನಮ್ಮನೇಲಿ ಇರೋದು. ಹೆಂಗಿದ್ರೂ ನಡೀತದೆ" ಅಂದು ಮುಗಿಸಿದರು.

ಓದಲು ಗಂಡಿನ ದೊಡ್ಡಪ್ಪ ನಿಂತರು. ಎತ್ತರದ ಮನುಷ್ಯ, ಗಟ್ಟಿ ದನಿ. ಮೊದಲ ಪ್ರತಿಯನ್ನು ಕೈಗೆ ತೆಗೆದುಕೊಂಡು ಎರಡೂ ಮನೆಯವರ ಹೆಸರು, ಊರು ಓದಿದರು. ನಾನು ಸಾಲು ಲೆಕ್ಕ ಹಾಕುತ್ತಿದ್ದೆ. ಐದನೆಯದಕ್ಕೆ ಬಂದಾಗ ನಿಲ್ಲಿಸಿದರು. ಹಾಳೆಯನ್ನು ಸ್ವಲ್ಪ ಮೇಲೆತ್ತಿದರು. ಅಕ್ಕೋರು ತಲೆ ಎತ್ತಲಿಲ್ಲ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಮತ್ತೆ ಅದೇ ದನಿಯಲ್ಲಿ ಹೊತ್ತು, ನಕ್ಷತ್ರ, ಲಗ್ನ ಎಲ್ಲ ಸರಿಯಾಗಿ ಓದಿ ಮುಗಿಸಿದರು. ನಡುಮನೆಯಲ್ಲಿ ಯಾರೂ ಅದನ್ನು ತಡವರಿಸಿದ್ದು ಎಂದುಕೊಳ್ಳಲಿಲ್ಲ. ತಟ್ಟೆಯಲ್ಲಿ ವೀಳ್ಯ, ಪತ್ರಿಕೆ ಇಟ್ಟು ಎರಡೂ ಕಡೆಯವರು ಬದಲಾಯಿಸಿಕೊಂಡರು.

ಕಾಫಿಯ ಹೊತ್ತಿಗೆ ಗಂಡಿನ ಕಡೆಯ ಒಬ್ಬ ಹೆಂಗಸು ಬಂದು ಅಕ್ಕೋರ ಪಕ್ಕ ಕೂತರು. "ಅಕ್ಕೋರೆ, ಬರೋ ವರ್ಷ ನಮ್ಮ ಮಗಳದ್ದು. ಅದನ್ನೂ ನೀವೇ ಬರೀಬೇಕು."

"ಇಲ್ಲಮ್ಮ. ಇದೇ ಕಡೇದು."

"ಅಯ್ಯೋ, ಯಾಕೆ? ಎಷ್ಟು ಚೆನ್ನಾಗಿ ಓದಿದ್ರಲ್ಲ ನಮ್ಮ ಭಾವ!"

"ಅದಕ್ಕೇ" ಅಂದರು ಅಕ್ಕೋರು.

ಆಕೆ ನಗುತ್ತ ಎದ್ದು ಹೋದ ಮೇಲೆ ನನ್ನ ಕಡೆ ತಿರುಗಿದರು. "ಐದನೇ ಸಾಲು ನೋಡಿದ್ಯಾ?"

"ನೋಡಿದೆ."

"ಮುಚ್ಚಳ ಕತ್ತರಿಸದೆ ಹಾಗೇ ಬಿಟ್ಟಿದ್ರೆ ಅದೂ ನಿಲ್ತಿತ್ತೋ ಏನೋ."

ಅದರಲ್ಲಿ ಸಿಟ್ಟಿರಲಿಲ್ಲ. ಮಗುವಿನ ಲೆಕ್ಕದಲ್ಲಿ ತಪ್ಪು ಎಲ್ಲಿ ಎಂದು ಹುಡುಕುವ ದನಿಯಲ್ಲಿ ಹೇಳಿದರು. ಇರಬಹುದು ಅಕ್ಕೋರೆ ಅಂದೆ. ಅವರು ಒಪ್ಪಿದವರಂತೆ ತಲೆಯಾಡಿಸಿ, ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದು ನಿಂತು, "ಬಾ, ಎಲೆ ಹಾಕಿದ್ದಾರೆ. ಸಾಗರದ ಬಸ್ಸಿಗೆ ಹೊತ್ತಾಗ್ತದೆ ನಿಂಗೆ" ಅಂದರು.