ಚಮನಸಾಬನ ಮಗ್ಗದ ಸಪ್ಪಳ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಕಾಸಿಂಬಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಾಳೆ. ಗುಲಾಬಿ ಬಣ್ಣದ ಆಶಾ ಸೀರೆ, ಹೆಗಲಿಗೊಂದು ಚೀಲ, ಮತ್ತು ಓಣಿಯ ಈ ತುದಿಯಲ್ಲಿ ನಿಂತು ಗದರಿದರೆ ಆ ತುದಿಯಲ್ಲಿ ಕಬ್ಬಿಣದ ಮಾತ್ರೆ ನುಂಗದೆ ಎಸೆದ ಬಸುರಿ ಕೂತಲ್ಲೇ ನೆಟ್ಟಗಾಗುವಂಥ ಗಂಟಲು. ಶಿರೂರಿನಿಂದ ಸೊಸೆಯಾಗಿ ಬಂದಾಗ ಇವಳಿಗೆ ಬಾಯಿಯೇ ಇರಲಿಲ್ಲವಂತೆ. ಅತ್ತೆ ಏನು ಕೇಳಿದರೂ ತಲೆಯಾಡಿಸುವುದೇ ಉತ್ತರವಂತೆ. ಇದನ್ನು ಹೇಳುವವಳು ಪಕ್ಕದ ಮನೆಯ ಹನಮವ್ವ. ಹನಮವ್ವ ಹೇಳಿದ್ದರಲ್ಲಿ ಅರ್ಧ ಬಿಟ್ಟು ಅರ್ಧ ನಂಬಬೇಕು, ಆದರೂ ಇದು ನಿಜವಿದ್ದೀತು. ಬಾಯಿ ಬಂದದ್ದು ಆಶಾ ಕೆಲಸ ಹಿಡಿದ ಮೇಲೆ. ಊರ ಹೆಣ್ಣುಮಕ್ಕಳನ್ನು ಆಟೋದಲ್ಲಿ ಕೂರಿಸಿಕೊಂಡು ಹೆರಿಗೆಗೆ ಓಡಬೇಕಾದವಳು ತಲೆಯಾಡಿಸುತ್ತ ಕೂತರೆ ನಡೆಯುತ್ತದೆಯೇ?

ಗಂಡ ಚಮನಸಾಬ ಅವಳಿಗೆ ತದ್ವಿರುದ್ಧ. ನೆಲದಲ್ಲಿ ತೋಡಿದ ಕುಣಿಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ಊಟಕ್ಕೆ ಕರೆಯುವವರೆಗೆ ಏಳದ ಮನುಷ್ಯ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಒಬ್ಬಳೇ ಮಗಳು ತಬಸುಮಳ ಮುಂದೆ ಮಾತ್ರ ಎರಡೂ ಧಾರಾಳ. ಆ ಹುಡುಗಿ ಚಿಕ್ಕಂದಿನಲ್ಲಿ ಮಗ್ಗದ ಪಕ್ಕವೇ ಕೂತು, ಅಪ್ಪನ ಲಾಳಿ ಖಾಲಿಯಾಗುವುದನ್ನೇ ಕಾಯ್ದು, ನೂಲು ಸುತ್ತಿದ ಹೊಸ ಕಂಡಿಕೆಯನ್ನು ಕೈಗೆ ಕೊಡುತ್ತಿತ್ತು.

ಕೆಲವು ವರ್ಷಗಳ ಹಿಂದೆ ಹುನಗುಂದದಲ್ಲಿ ಆಶಾದವರಿಗೆಲ್ಲ ಒಂದು ತರಬೇತಿ ಆಯಿತು. ಅಲ್ಲಿನ ದವಾಖಾನೆಯ ಆಪ್ತಸಮಾಲೋಚಕಿ ಭುವನೇಶ್ವರಿ ಬಂದು, ಮನೆಮನೆಗೆ ಹೋದಾಗ ಮೈ ವಿಚಾರಿಸಿದ ಹಾಗೆ ಮನಸ್ಸನ್ನೂ ವಿಚಾರಿಸಿ, ನಿದ್ದೆ ಬರುತ್ತದೆಯೇ ಕೇಳಿ, ಊಟ ಸೇರುತ್ತದೆಯೇ ಕೇಳಿ, ಮನಸ್ಸಿನ ಮಾತು ಯಾರ ಮುಂದೆ ಹೇಳಿಕೊಳ್ಳುತ್ತೀರಿ ಅಂತಲೂ ಕೇಳಿ ಎಂದಳು. ಕಾಸಿಂಬಿಗೆ ನಗು ತಡೆಯಲಾಗಲಿಲ್ಲ.

"ನಮ್ಮ ಓಣ್ಯಾಗ ಹೋಗಿ ಇದನ್ನ ಕೇಳಿದ್ರ, ಕಾಸಿಂಬಿಗೇ ತಲಿ ಕೆಟ್ಟೈತಿ ಅಂತಾರ್ರಿ ಮೇಡಂ."

ಕೆಲವರು ಅಂದರು ಕೂಡ. ಆದರೂ ಕೇಳಿದಳು. ಹನಮವ್ವನ ಗಂಡ ಲಕ್ಷ್ಮಪ್ಪನಿಗೆ ಕಣ್ಣು ಮಂಜಾಗಿ ಮಗ್ಗ ಬಿಡಬೇಕಾಗಿ ಬಂದಾಗ, ಅವನು ಗೋಡೆಗೆ ಮುಖ ಮಾಡಿ ಕೂತುಬಿಟ್ಟಿದ್ದ. ಅವನನ್ನು ಎಬ್ಬಿಸಿ, ಬೈದು, ರಮಿಸಿ ಹುನಗುಂದದ ದವಾಖಾನೆಗೆ ಕರೆದೊಯ್ದವಳು ಇವಳೇ. ಮನೆಮನೆಯಲ್ಲಿ ಒಬ್ಬೊಬ್ಬರೇ ಕೂತು ಕಂಡಿಕೆ ಸುತ್ತುತ್ತಿದ್ದ ಹೆಂಗಸರನ್ನು, "ರಾಟಿ ತಗೊಂಡು ಹೊರಗ ಬರ್ರಿ, ಒಳಗ ಒಬ್ಬೊಬ್ಬಾಕಿನ ಕುಂತು ಏನ ಹುಡಕಾಕತ್ತೀರಿ?" ಎಂದು ಹನಮವ್ವನ ಕಟ್ಟೆಗೆ ಸೇರಿಸಿದವಳೂ ಇವಳೇ. ಕೈ ನೂಲು ಸುತ್ತುತ್ತಿತ್ತು, ಬಾಯಿ ಒಳಗಿದ್ದದ್ದನ್ನು ಬಿಚ್ಚುತ್ತಿತ್ತು. ಎಷ್ಟೋ ಮನೆಗಳ ಅಳು ಆ ಕಟ್ಟೆಯ ಮೇಲೆ ಹಗುರಾಯಿತು.

ಈ ಓಣಿಗೆ ಹಳೆಯ ಪದ್ಧತಿಯೊಂದಿದೆ. ಯಾರ ಮನೆಯಲ್ಲಿ ಸಾವಾದರೂ ಜಾತಿ ನೋಡದೆ ಎಲ್ಲ ಮಗ್ಗಗಳೂ ನಿಲ್ಲುತ್ತವೆ. ಮಣ್ಣಾದ ಮೇಲೆ ಒಂದೊಂದಾಗಿ ಶುರುವಾಗುತ್ತವೆ. ಸಾವಿನ ಮನೆಯದು ಎಲ್ಲಕ್ಕೂ ಕೊನೆಗೆ. ಅಲ್ಲಿಯವರೆಗೆ ಆ ಮನೆಗೆ ಅಕ್ಕಪಕ್ಕದವರು ರೊಟ್ಟಿ ಪಲ್ಯ ಒಯ್ಯುತ್ತಾರೆ, ಹೋಗಿ ಜೊತೆಗೆ ಕೂತು ಬರುತ್ತಾರೆ. ಅಲ್ಲಿಂದ ಮಗ್ಗದ ಸಪ್ಪಳ ಕೇಳಿತೆಂದರೆ, ಮನೆ ಚೇತರಿಸಿಕೊಂಡಿತು ಎಂದು ಎಲ್ಲರೂ ತಂತಮ್ಮ ಕೆಲಸಕ್ಕೆ ತಿರುಗುತ್ತಾರೆ. ಇನ್ನೊಂದು ಮಾತು ಕೇಳುವ ರೂಢಿಯಿಲ್ಲ.

ತಬಸುಮಳನ್ನು ಬಾಗಲಕೋಟೆಗೆ ಕೊಟ್ಟಿದ್ದರು. ಅಳಿಯ ಫಾರೂಕ ಒಳ್ಳೆಯ ಹುಡುಗ, ಮೊಬೈಲ್ ರಿಪೇರಿಯ ಅಂಗಡಿ ಇಟ್ಟಿದ್ದ. ಮದುವೆಯಾಗಿ ಮೂರನೆಯ ವರ್ಷಕ್ಕೆ ಮಗಳು ಬಸುರಿಯಾದಳು. ಏಳು ತಿಂಗಳಿಗೆ ಕುಬಸದ ಶಾಸ್ತ್ರ ಮಾಡಬೇಕು, ಆಗ ಉಡಿಸಲು ಸೀರೆ ಬೇಕು ಎಂದು ಚಮನಸಾಬ ಬೇರೆ ಕೆಲಸ ಬದಿಗಿಟ್ಟು ಮಗ್ಗಕ್ಕೆ ದಾಳಿಂಬೆ ಬಣ್ಣದ ಹಾಸುನೂಲು ಏರಿಸಿದ. ಸೆರಗನ್ನು ಮೊದಲು ನೇಯ್ದು ಮುಗಿಸಿ, ಒಡಲನ್ನು ಅರ್ಧಕ್ಕೆ ತಂದಿದ್ದ.

ಒಂದು ಮಧ್ಯಾಹ್ನ ಮಗಳು ಕಾಸಿಂಬಿಗೆ ಫೋನು ಮಾಡಿದಳು.

"ಅಮ್ಮೀ, ಕಾಲ ಭಾಳ ಬಾತಾವ. ತಲೀನೂ ಹೊಡಿಯಾಕತ್ತೈತಿ."

ಕಾಸಿಂಬಿ ಆಗ ಮುರ್ತುಜಸಾಬನ ಚಹಾದಂಗಡಿಯ ಮುಂದೆ ಒಬ್ಬ ಹೆಣ್ಣುಮಗಳನ್ನು ಆಟೋಕ್ಕೆ ಹತ್ತಿಸುತ್ತಿದ್ದಳು. ಆಕೆಗೆ ಬೇನೆ ಶುರುವಾಗಿತ್ತು.

"ನಾಳಿ ತೋರಿಸ್ಕೊ ಮಗಳ. ಈಗ ಒಬ್ಬಾಕಿನ್ನ ಹೆರಿಗಿಗೆ ಒಯ್ಯಾಕತ್ತೀನಿ, ಆಮ್ಯಾಲ ಮಾತಾಡ್ತೇನಿ."

ಆಮೇಲೆ ಮಾತು ಇರಲಿಲ್ಲ. ಮರುದಿನ ಬೆಳಗಾಗುವುದರೊಳಗೆ ತಬಸುಮಳಿಗೆ ಬಿ.ಪಿ. ಏರಿ ಫಿಟ್ಸ್ ಬಂದು, ದವಾಖಾನೆಯ ಬಾಗಿಲು ಮುಟ್ಟುವ ಮೊದಲೇ ತಾಯಿ, ಕೂಸು ಎರಡು ಜೀವಗಳೂ ಹೋದವು. ಬೇರೆ ಯಾವ ಬಸುರಿ ಇದೇ ಮಾತು ಹೇಳಿದ್ದರೂ ಕಾಸಿಂಬಿ ಆ ಕ್ಷಣವೇ ಆಟೋ ಹಿಡಿಸುತ್ತಿದ್ದಳು. ಇದು ಅವಳಿಗೆ ಗೊತ್ತಿತ್ತು. ಆ ಫೋನಿನ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ.

ಬಾಗಲಕೋಟೆಯಲ್ಲಿ ಮಣ್ಣು ಮಾಡಿ ಬಂದರು. ಓಣಿಯ ಮಗ್ಗಗಳು ನಿಂತಿದ್ದವು, ರೊಟ್ಟಿಬುಟ್ಟಿಗಳು ಬಂದವು, ಜನ ಬಂದು ಕೂತರು. ಚಮನಸಾಬ ಗೋಡೆಗೊರಗಿ ಎಲ್ಲರ ಮಾತಿಗೂ ಹೂಂ ಎನ್ನುತ್ತಿದ್ದ. ಆಮೇಲೊಂದು ದಿನ ಬೆಳಿಗ್ಗೆ ಎದ್ದು, ಮುಖ ತೊಳೆದು, ಕುಣಿಗಿಳಿದ. ಖಟ್ ಖಟ್ ಎಂದು ಸಪ್ಪಳ ಎದ್ದಿತು.

"ಅಲ್ಲಾ ದೊಡ್ಡಾಂವ ಅದಾನ," ಎಂದ ಮುರ್ತುಜಸಾಬ ಚಹಾ ಸೋಸುತ್ತ. ಹನಮವ್ವ ಕಣ್ಣೊರೆಸಿಕೊಂಡು ರೊಟ್ಟಿಬುಟ್ಟಿಯನ್ನು ತನ್ನ ಮನೆಗೆ ವಾಪಸ್ ಒಯ್ದಳು. ಕಾಸಿಂಬಿಯೂ ಚೀಲ ಹೆಗಲಿಗೇರಿಸಿದಳು. ಗಂಡ ಎದ್ದ, ಇನ್ನು ತಾನೂ ಏಳಬೇಕು ಎಂದುಕೊಂಡಳು. ಬೆಳಿಗ್ಗೆ ಹೊರಡುವಾಗ ಆ ಸಪ್ಪಳ ಬೆನ್ನಿಗಿರುತ್ತಿತ್ತು, ಮಧ್ಯಾಹ್ನ ಓಣಿ ತಿರುಗುವಾಗ ಎದುರಾಗುತ್ತಿತ್ತು. ಮಂದಿಯ ನಿದ್ದೆ ಊಟ ವಿಚಾರಿಸಿಕೊಂಡು ಬಂದವಳು ಮನೆಯಲ್ಲಿ ಯಾವುದನ್ನೂ ವಿಚಾರಿಸಲಿಲ್ಲ. ಸಪ್ಪಳವೇ ಎಲ್ಲಕ್ಕೂ ಉತ್ತರ ಹೇಳುತ್ತಿತ್ತಲ್ಲ!

ಹೀಗೇ ವಾರಗಳು ಹೋದವು. ಒಂದು ದಿನ ಹನಮವ್ವ ಬಾಗಿಲಿಗೆ ಬಂದಳು.

"ಯಕ್ಕಾ, ನಮ್ಮ ಹುಡುಗನ ಮಗ್ಗಕ್ಕ ಕಂಡಿಕಿ ಸಾಲವಲ್ವು. ದಾಳಿಂಬ್ರಿ ಬಣ್ಣದ್ದು ನಾಕ ಕೊಡವಾ, ನಾಳಿ ಸುತ್ತಿ ಕೊಡ್ತೇನಿ."

ಕಾಸಿಂಬಿ ಒಳಗೆ ಮಗ್ಗದ ಪಕ್ಕದ ಮೂಲೆಗೆ ಹೋಗಿ ಬುಟ್ಟಿಗೆ ಕೈ ಹಾಕಿದಳು. ಬುಟ್ಟಿ ತುಂಬಿತ್ತು. ಮೇಲೆ ಧೂಳು ಕೂತಿತ್ತು, ಅಂಚಿನಲ್ಲಿ ಜೇಡ ಬಲೆ ಹೆಣೆದಿತ್ತು. ಇವು ಆ ಫೋನು ಬರುವ ಮೊದಲು ತಾನೇ ಸುತ್ತಿಟ್ಟ ಕಂಡಿಕೆಗಳು. ನೇಯುವವನ ಹೆಂಡತಿಗೆ ದಿನ ಬೆಳಗಾದರೆ ಕಂಡಿಕೆ ಸುತ್ತುವ ಕೆಲಸ ತಪ್ಪುವುದಿಲ್ಲ. ಇಷ್ಟು ದಿನ ಗಂಡ ಒಮ್ಮೆಯೂ ಕಂಡಿಕೆ ಕೇಳಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಪಕ್ಕದಲ್ಲೇ ಮಗ್ಗ ಖಟ್ ಖಟ್ ಎನ್ನುತ್ತಿತ್ತು.

ತಿರುಗಿ ನೋಡಿದಳು. ಲಾಳಿ ಈ ಕಡೆಯಿಂದ ಆ ಕಡೆಗೆ ಓಡುತ್ತಿತ್ತು. ಅದರ ಹಿಂದೆ ಎಳೆ ಇರಲಿಲ್ಲ. ಬಟ್ಟೆ ಮಗಳು ಹೋದ ದಿನ ನಿಂತಲ್ಲೇ ನಿಂತಿತ್ತು. ಖಾಲಿ ಬಡಿದು ಬಡಿದು ಅದರ ಅಂಚು ಹಿಂಜಿ ಜುಂಜಾಗಿತ್ತು.

"ಏನ ಮಾಡಾಕತ್ತೀರಿ?"

"ನೇಯಾಕತ್ತೇನಿ."

"ನೂಲ ಎಲ್ಲೈತ್ರಿ?"

ಚಮನಸಾಬನ ಕೈ ನಿಂತಿತು.

"ಸಪ್ಪಳ ನಿಂತ್ರ ನಿನ್ನ ಜೀವೆಲ್ಲಾ ಮನಿಯಾಗ ನನ್ನ ಮ್ಯಾಲ ಇರತೈತಿ. ನೀ ಮಂದಿ ಮನಿ ತಿರಗಾಕಿ. ಓಣಿ ಮಂದೀನೂ ಕೆಲಸ ಬಿಟ್ಟು ಬಂದು ಕುಂಡರತಾರ, ಅಳಬ್ಯಾಡ ಅಂತಾರ. ಅದಕ್ಕ ಬಡಿಯಾಕತ್ತೀನಿ."

"ನೂಲರ ಯಾಕ ಹಾಕಲಿಲ್ಲ?"

"ಹ್ಯಾಂಗ ಹಾಕಲಿ? ಸೀರಿ ಮುಗಿದ್ರ ಯಾರಿಗೆ ಉಡಸ್ಬೇಕು?"

ಕಾಸಿಂಬಿ ಕುಣಿಯ ಅಂಚಿಗೆ ಕೂತಳು. ಹೊರಗಿನವರನ್ನು ಕೇಳುವ ಪ್ರಶ್ನೆಗಳನ್ನು ಮೊದಲ ಸಲ ಗಂಡನನ್ನು ಕೇಳಿದಳು. ಅವನಿಗೆ ನಿದ್ದೆ ಬಂದು ಎಷ್ಟೋ ದಿನವಾಗಿತ್ತು. ಅವಳು ಮುಚ್ಚಿಟ್ಟು ಹೋದ ಊಟ ಓಣಿಯ ನಾಯಿಗೆ ಹೋಗುತ್ತಿತ್ತು.

"ಇದರಾಗ ಇಳಿದು ಕುಂತ್ರ," ಎಂದ ಅವನು ಕುಣಿಯನ್ನೇ ನೋಡುತ್ತ, "ಮತ್ತ ಮ್ಯಾಲ ಏಳೂದರ ಯಾಕ ಅನಸತೈತಿ."

ಇಂಥ ಮಾತನ್ನು ಹಗುರಾಗಿ ತೆಗೆದುಕೊಳ್ಳಬೇಡಿ, ಆಡಿದವರನ್ನು ಒಬ್ಬರನ್ನೇ ಬಿಡಬೇಡಿ ಎಂದು ಭುವನೇಶ್ವರಿ ಒತ್ತಿ ಹೇಳಿದ್ದಳು. ಮಗಳು ಹೋದಳು, ಈಗ ಇವನೂ ಹೋಗುತ್ತಾನೆ ಎಂಬ ಹೆದರಿಕೆ ಕಾಸಿಂಬಿಯ ಎದೆಗೆ ಒದ್ದಿತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಹನಮವ್ವ ಜೀವನದಲ್ಲಿ ಮೊದಲ ಬಾರಿಗೆ ಏನೂ ಮಾತಾಡದೆ ಹೋಗಿ ಗಂಡನನ್ನು ಕರೆತಂದಳು.

ಲಕ್ಷ್ಮಪ್ಪ ಗೋಡೆ ಸವರುತ್ತ ಬಂದು ಚಮನಸಾಬನ ಹೆಗಲು ಹುಡುಕಿ ಹಿಡಿದ.

"ಏಳಲೇ ಚಮನ್ಯಾ. ಹುನಗುಂದಕ್ಕ ಹೋಗೂಣು. ನಾನೂ ಬರ್ತೇನಿ, ನನಗ ಆ ದಾರಿ ಗೊತ್ತೈತಿ."

ಕಾಸಿಂಬಿಯೂ ಸೇರಿ ಮೂವರೂ ಬಸ್ಸು ಹತ್ತಿದರು. ಡಾಕ್ಟರು ಸಾವಧಾನವಾಗಿ ಕೇಳಿ ಮಾತ್ರೆ ಬರೆದರು. ಗಂಡಸರನ್ನು ಹೊರಗೆ ಕೂರಿಸಿ ಭುವನೇಶ್ವರಿ ಕಾಸಿಂಬಿಯ ಕೈ ಹಿಡಿದಳು.

"ನೀವ ಹ್ಯಾಂಗ ಅದೀರಿ ಅಕ್ಕಾರ?"

"ನನಗೇನಾಗೈತ್ರಿ ಮೇಡಂ, ನಾ ಆರಾಮ ಅದೀನಿ. ಅವರನ್ನ ಒಂದ ನೋಡ್ರಿ," ಎಂದು ಕೈ ಬಿಡಿಸಿಕೊಂಡು ಎದ್ದೇಬಿಟ್ಟಳು.

ಮನಸ್ಸಿನ ಮದ್ದು ನಿಧಾನ. ಚಮನಸಾಬನಿಗೆ ಮೊದಲು ನಿದ್ದೆ ಬಂತು, ಆಮೇಲೆ ಸ್ವಲ್ಪ ಹಸಿವು. ಲಕ್ಷ್ಮಪ್ಪ ದಿನಾ ಬಂದು, ಕಣ್ಣು ಕಾಣದವನು ಕಣ್ಣಿದ್ದವನ ಕೈ ಹಿಡಿದು ಮುರ್ತುಜಸಾಬನ ಅಂಗಡಿಯವರೆಗೆ ನಡೆಸುತ್ತಿದ್ದ. ಮಾತಾಡಿದರೆ ಆಡಿದರು, ಇಲ್ಲದಿದ್ದರೆ ಇಬ್ಬರೂ ಚಹಾ ಕುಡಿದು ಎದ್ದು ಬಂದರು. ರೊಟ್ಟಿಬುಟ್ಟಿಗಳು ಮತ್ತೆ ಬರತೊಡಗಿದವು, ಓಣಿಗೆ ನಾಚಿಕೆಯಾಗಿತ್ತು. ಆಗಬೇಕಾದದ್ದೇ. ಮಗ್ಗ ಮಾತ್ರ ಹಾಗೇ ನಿಂತಿತ್ತು, ಅರ್ಧ ಸೀರೆಯ ಮೇಲೆ ಹಳೆಯ ಪಂಚೆ ಹೊದಿಸಿದ್ದರು.

ಕಾಸಿಂಬಿಯ ಗಂಟಲಿಗೆ ಈಗ ಮೊದಲಿಗಿಂತ ಇಮ್ಮಡಿ ಜೋರು. ತನ್ನ ಮನೆಗಳಷ್ಟೇ ಅಲ್ಲದೆ ರಜೆ ಹಾಕಿದ ಇನ್ನೊಬ್ಬ ಆಶಾಳ ಮನೆಗಳನ್ನೂ ತಾನೇ ತಿರುಗಿದಳು. ಕಾಲು ಬಾತ ಬಸುರಿ ಕಂಡರೆ ಅವಳ ಅತ್ತೆ ಮಾವನನ್ನೂ ಸೇರಿಸಿ ಝಾಡಿಸಿ ಆಟೋಕ್ಕೆ ತುಂಬುತ್ತಿದ್ದಳು. ಕಟ್ಟೆಯ ಮೇಲೆ ಎಲ್ಲರಿಗಿಂತ ದೊಡ್ಡದಾಗಿ ನಗುತ್ತಿದ್ದಳು. ಎಂಥ ಗಟ್ಟಿ ಹೆಂಗಸು ಎಂದು ಓಣಿ ಬೆರಗಾಯಿತು. ಒಂದು ಸಲ ಮೋಸ ಹೋದ ಓಣಿ ಇನ್ನೊಂದು ಸಲವೂ ಸಪ್ಪಳವನ್ನೇ ನಂಬಿತು.

ಒಂದು ದಿನ ಮಧ್ಯಾಹ್ನ ಚಪ್ಪಲಿಯ ಉಂಗುಟ ಕಿತ್ತು, ಬದಲಿಸಲು ಮನೆಗೆ ಬಂದಳು. ನಿಂತುಕೊಂಡೇ ಅರ್ಧ ರೊಟ್ಟಿ ತಿಂದು ಉಳಿದರ್ಧ ತಟ್ಟೆಯಲ್ಲೇ ಬಿಟ್ಟಳು. ಚಮನಸಾಬ ಮಗ್ಗದ ಪಕ್ಕ ಕೂತಿದ್ದ.

"ಕುಂಡರ."

"ಟೈಮಿಲ್ರಿ. ಆ ಓಣ್ಯಾಗ ಒಬ್ಬಾಕಿಗೆ—"

"ಕುಂಡರ ಅಂದೆ. ನಿನಗ ನಿದ್ದಿ ಬರತೈತೇನ?"

"ಬರತೈತ್ರಿ, ಯಾಕ ಬರೂದಿಲ್ಲ?"

"ಊಟ ಸೇರತೈತೇನ?"

"ಸೇರತೈತಿ."

"ಮನಸಿನ ಮಾತ ಯಾರ ಮುಂದ ಹೇಳ್ಕೋತಿ?"

ಅವಳು ನಗಲು ನೋಡಿದಳು. ಅವನು ತಟ್ಟೆಯಲ್ಲಿದ್ದ ಅರ್ಧ ರೊಟ್ಟಿಯನ್ನು ನೋಡುತ್ತಿದ್ದ.

"ನನ್ನ ಮುಂದ ಸುಳ್ಳ ಹೇಳಬ್ಯಾಡ. ಖಾಲಿ ಲಾಳಿ ಓಡಸೂದು ಹ್ಯಾಂಗ ಇರತೈತಿ ಅಂತ ನನಗ ಗೊತ್ತೈತಿ."

ಕಾಸಿಂಬಿಯ ಚೀಲ ಹೆಗಲಿಂದ ಜಾರಿತು. ಕೂತಳು. ಬಾಯಿ ತೆರೆದರೆ ಎಲ್ಲ ಹೊರಗೆ ಬೀಳುತ್ತದೆಂದು ಸೆರಗಿನಿಂದ ಬಾಯಿ ಒತ್ತಿ ಹಿಡಿದಳು. ಆದರೂ ಬಿತ್ತು.

"ಆಕಿ ನನಗ ಫೋನ ಮಾಡಿದ್ಲರಿ. ಕಾಲ ಬಾತಾವ ಅಮ್ಮೀ ಅಂದ್ಲು. ನಾಳಿ ತೋರಿಸ್ಕೊ ಅಂದ್ನಿ. ಊರ ಮಂದಿನೆಲ್ಲಾ ಇವತ್ತ ಹೋಗ್ರಿ ಅನ್ನಾಕಿ, ನನ್ನ ಮಗಳಿಗೆ ನಾಳಿ ಅಂದ್ನಿ."

"ಗೊತ್ತೈತಿ," ಎಂದ ಚಮನಸಾಬ.

ಅವಳು ಮುಖ ಎತ್ತಿದಳು.

"ನಿನ್ನ ಫೋನ ಇಟ್ಟು ನನಗ ಮಾಡಿದ್ಲು. ಸೀರಿ ಎಲ್ಲಿಗೆ ಬಂತು ಅಬ್ಬಾ ಅಂತ ಕೇಳಿದ್ಲು. ಅಮ್ಮಿ ಗಡಿಬಿಡ್ಯಾಗ ಅದಾಳ, ನಾಳಿ ಹೋಗಿ ತೋರಿಸ್ಕೋತೇನಿ ಅಂದ್ಲು. ನಾನೂ ಹೂಂ ಅಂದ್ನಿ." ಅವನು ಅರ್ಧ ಸೀರೆಯ ಮೇಲಿನ ಪಂಚೆ ಸವರಿದ. "ಆಕಿ ಸಿಟ್ಟಾಗಿರಲಿಲ್ಲ. ನಕ್ಕೋತ ಮಾತಾಡಿದ್ಲು."

ಆಗ ಕಾಸಿಂಬಿ ಅತ್ತಳು. ಮಣ್ಣು ಮಾಡಿದ ದಿನವೂ ಅಳದಿದ್ದ ಅಳು. ಓಣಿಯ ತುದಿ ಮುಟ್ಟುವ ಆ ಗಂಟಲಿನಿಂದ ಮಗಳ ಹೆಸರು ಹಿಡಿದು, ಹಣೆಯನ್ನು ಮಗ್ಗದ ಕಟ್ಟಿಗೆಗೆ ಒತ್ತಿ ಅತ್ತಳು. ಚಮನಸಾಬ ಅಳಬೇಡ ಎನ್ನಲಿಲ್ಲ. ಅವಳ ಬೆನ್ನ ಮೇಲೆ ಕೈ ಇಟ್ಟು ತಾನೂ ಅತ್ತ.

ಪಕ್ಕದ ಮನೆಯ ಮಗ್ಗ ನಿಂತಿತು. ಅದರಾಚೆಯದು ನಿಂತಿತು. ಎದುರು ಸಾಲಿನಲ್ಲಿ ಒಂದೊಂದಾಗಿ ಸಪ್ಪಳ ಅಡಗುತ್ತ ಹೋಯಿತು. ಹನಮವ್ವ ಕೈಯಲ್ಲಿದ್ದ ರಾಟೆ ಬಿಟ್ಟು ಬಂದು, ಏನೂ ಕೇಳದೆ ಕಾಸಿಂಬಿಯ ಪಕ್ಕ ನೆಲಕ್ಕೆ ಕೂತಳು. ಅವಳ ಹಿಂದೆ ಕಟ್ಟೆಯ ಹೆಂಗಸರೆಲ್ಲ ಬಂದರು.

ಆ ಹೊತ್ತಿಗೆ ತಬಸುಮ ತೀರಿ ನಾಲ್ಕು ತಿಂಗಳಾಗಿತ್ತು. ಅವತ್ತು ಸಂಜೆಯವರೆಗೂ ಓಣಿಯಲ್ಲಿ ಒಂದು ಮಗ್ಗವೂ ನಡೆಯಲಿಲ್ಲ.