ಮೆಂತ್ಯದ ಬಾಟಲಿಯ ಹಳೆಯ ಅಕ್ಕಿ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಒಂದು ಹಳೆಯ ಉಪ್ಪಿನಕಾಯಿ ಬಾಟಲಿ ಇದೆ. ಈಗ ಅದರಲ್ಲಿ ಮೆಂತ್ಯ ತುಂಬಿಟ್ಟಿದ್ದೇನೆ. ಹಿಂದೆ ಅದು ಸಿಂಧನೂರಿನ ಸೊಸೈಟಿಯ ಅಕ್ಕಿ ಮಿಲ್ಲಿನಲ್ಲಿ ನಮ್ಮ ಕಾಕಾನ ಮೇಜಿನ ಮೇಲಿತ್ತು, ಅಥವಾ ಕಿಟಕಿಯಲ್ಲಿತ್ತು. ಮೊದಲೇ ಹೇಳಿಬಿಡುತ್ತೇನೆ ಗೆಳೆಯರೆ, ಇಂಥ ಸಣ್ಣ ವಿವರಗಳಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಬಾಟಲಿಯ ತುಂಬ ಅಕ್ಕಿ ಇದ್ದದ್ದು, ಅದನ್ನು ಯಾರೂ ಬೇಯಿಸಕೂಡದೆಂಬ ಅಪ್ಪಣೆ ಇದ್ದದ್ದು ಮಾತ್ರ ನಿಜ.

ಕಾಲುವೆಯ ನೀರು ಬಂದು ಕೆಲವು ವರ್ಷಗಳಾಗಿದ್ದವು. ಜೋಳದ ಹೊಲಗಳು ಗದ್ದೆಗಳಾಗಿದ್ದವು, ಕೈಗಳು ಮಾತ್ರ ಇನ್ನೂ ಜೋಳದವೇ. ಜೋಳವನ್ನು ಒಣಗಿಸಿದಂತೆ ನಮ್ಮವರು ನೆಲ್ಲನ್ನೂ ಇಡೀ ದಿನ ಸುಡುವ ಬಂಡೆಯ ಮೇಲೆ ಹರವುತ್ತಿದ್ದರು. ಸಿಪ್ಪೆಯೊಳಗೆ ಕಾಳು ಕೂದಲೆಳೆಯಷ್ಟು ಬಿರಿಯುತ್ತಿತ್ತು. ಮಿಲ್ಲಿಗೆ ಬಿದ್ದರೆ ಅದೆಲ್ಲ ನುಚ್ಚು. ನಮ್ಮ ಅಕ್ಕಿ ಕೊಳ್ಳುತ್ತಿದ್ದ ಲಿಂಗಸುಗೂರಿನ ಗೋದಾಮಿಗೆ ಹೋದ ಲಾರಿ ತುಂಬಿದ ಹಾಗೆಯೇ ತಿರುಗಿ ಬಂತು. ಇನ್ನೊಮ್ಮೆ ಹೀಗಾದರೆ ನಿಮ್ಮ ಅಕ್ಕಿ ಬೇಡವೆಂದರು. ಹಾಗೆಂದರೆ ಮಿಲ್ಲಿಗೆ ಬೀಗ, ಮ್ಯಾನೇಜರಾಗಿದ್ದ ಕಾಕಾನ ನೌಕರಿಗೂ ಬೀಗ.

ಅಲ್ಲಿಯವರೆಗೆ ನಮ್ಮಲ್ಲಿ ಕಾಳಿನ ಗುಣ ನೋಡುತ್ತಿದ್ದದ್ದು ಹಲ್ಲಿನಿಂದ, ಮತ್ತು ಚೀಲ ತಂದವರ ಮುಖದಿಂದ. ಗೌಡರ ಕಾಳನ್ನು ಕಚ್ಚಿದವರು ಯಾರೂ ಮುಖ ಕಿವುಚಿದ್ದಿಲ್ಲ. ಕಾಕಾ ಗೋದಾಮಿನವರು ಒಪ್ಪುವ ಅಕ್ಕಿಯನ್ನೇ ಒಂದಿಷ್ಟು ಕೇಳಿ ತಂದು ಬಾಟಲಿಗೆ ಹಾಕಿದ. ಇನ್ನು ಹೋಲಿಕೆ ಅದರ ಜೊತೆಗೇ. ಬಿಸಿಲೇರುವ ಮೊದಲು ನೆಲ್ಲನ್ನು ನೆರಳಿಗೆ ಎಳೆಯಬೇಕು. ಯಾರದೇ ಚೀಲವಿರಲಿ, ಕಬ್ಬಿಣದ ಕೊಳವೆ ಚುಚ್ಚಿ ಮೇಲಿನ, ನಡುವಿನ, ತಳದ ಕಾಳು ತೆಗೆದು, ಸುಲಿದು, ಕರಿ ಬಟ್ಟೆಯ ಮೇಲಿಟ್ಟು ನೋಡಬೇಕು. ಮುಖದ ಮೇಲೆ ಬೇಡವೆನ್ನಲು ಬಾರದ ಕಾಕಾ ಆ ಕೊಳವೆಯನ್ನು ಮಿಲ್ಲಿನ ಕಣದ ಉಸ್ತುವಾರಿಯಲ್ಲಿದ್ದ ತನ್ನ ಹೆಂಡತಿ, ನಮ್ಮ ಚಿಗವ್ವನ ಕೈಗೆ ಕೊಟ್ಟ.

ಹೈದರಾಬಾದಿನಲ್ಲಿ ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ಕಣದ ಹೆಣ್ಣುಮಕ್ಕಳು ಚಿಗವ್ವನನ್ನು ಕಾಡುತ್ತಿದ್ದರು: "ನೆಲ್ಲಿಗೆ ನೆರಳು ಮಾಡ್ರಿ ಅಂತೀರಲ್ರೀ ಅಕ್ಕಾರ, ಅದೇನು ಬಾಣಂತಿ ಏನ್ರೀ?"

"ಹೂಂ, ಬಾಣಂತೀನ. ಬಿಸಲಿಗೆ ಬಿಟ್ರ ನಾಳೆ ಮಿಲ್ಲಿನಾಗ ನಡಾ ಮುರಕೊಂತಾಳ. ಎಳೀರಿ ಲಗೂನ!"

ಲಾರಿ ತುಂಬುವ ದಿನ ಮಸ್ಕಿಯಿಂದ ಚಿಗವ್ವನ ಅಣ್ಣನ ಬಂಡಿ ಬಂತು. ಮೇಲಿನ ಕಾಳು ಚೆನ್ನಾಗಿತ್ತು, ನಡುವಿನದೂ. ಅವಳು ಕೊಳವೆಯನ್ನು ತಳ ಮುಟ್ಟುವಂತೆ ಒತ್ತಿದಳು. ತಳದ್ದು ಬಂಡೆಯ ಮೇಲೆ ಒಣಗಿದ್ದು. ಕರಿ ಬಟ್ಟೆಯ ಮೇಲೆ ಬಿರುಕುಗಳು ಎದ್ದು ಕಂಡವು.

"ನಮ್ಮ ಮನಿ ಚೀಲಾನೂ ಚುಚ್ಚತೀಯೇನ ತಂಗಿ?"

"ಕೊಳವಿಗೆ ತವರಮನಿ ಇಲ್ಲಣ್ಣ. ಇದನ್ನ ನುಚ್ಚಿಗೆ ಬ್ಯಾರೆ ಇಡತೀನಿ. ನೀ ಬಾ, ಉಣ್ಣು."

"ತಡಿಬೇ, ಮೊದ್ಲು ನಿನ್ನ ಅನ್ನಕ್ಕೂ ಕೊಳವಿ ಹಾಕಿ ನೋಡತೀನಿ."

ಇದನ್ನು ಅವನು ನಗುತ್ತಾ ಹೇಳಿದನೋ ಉರಿದು ಹೇಳಿದನೋ, ಖಾತ್ರಿಯಿಲ್ಲ. ಊಟವನ್ನಂತೂ ಮಾಡಿಯೇ ಹೋದ.

ಮರುದಿನ ಸಂಜೆ ನಾವೆಲ್ಲ ಕಿವಿಯಾಗಿ ಕುಳಿತಿದ್ದೆವು. ತುಂಬಿದ ಲಾರಿ ಮರಳಿದರೆ ನರಳುತ್ತಾ ಬರುತ್ತದೆ. ಅಂದು ಅದು ಖಾಲಿ ಡಬ್ಬಿಯಂತೆ ಗಡಗಡ ಕುಣಿಯುತ್ತಾ ಬಂತು. ಕಾಕಾ ಮೆಟ್ಟಿಲ ಮೇಲೆ ಕೂತು, "ಪಾಸಾತು, ಒಂದೀಟು ಚಾ ಮಾಡ್ರಿ" ಎಂದ. ಆ ಖಾಲಿ ಲಾರಿಯಷ್ಟು ಇಂಪಾದ ಸದ್ದನ್ನು ನಾನು ಆಮೇಲೆ ಕೇಳಿಲ್ಲ.

ನಿಯಮವೆಂದರೆ ಬಿಗಿತವೆಂದು ನಾನು ತಿಳಿದಿದ್ದೆ. ಆದರೆ ಬಾಟಲಿ ಬಂದ ಮೇಲೆ ಕಾಕಾನ ಹುಬ್ಬಿನ ಗಂಟು ಸಡಿಲಿತು, ಗೌಡರೊಂದಿಗೆ ಮುಖ ಕೆಡಿಸಿಕೊಳ್ಳುವ ಸಂಕಟ ತಪ್ಪಿತು. ಬೇಡವೆನ್ನುವ ಕೆಲಸವನ್ನು ಬಾಟಲಿ ವಹಿಸಿಕೊಂಡಿತ್ತು. ರೈತರೂ ಬಂಡೆಯನ್ನು ಜೋಳಕ್ಕೇ ಬಿಟ್ಟುಕೊಟ್ಟರು. ಎಲ್ಲರಿಗೂ ಒಂದೇ ಅಳತೆಯೆಂದರೆ ಇಷ್ಟೊಂದು ಹಗುರವೇ ಎಂದು ಸಮಾಧಾನಪಟ್ಟುಕೊಳ್ಳುವ ಹೊತ್ತಿಗೇ ಆ ತಳ ಮುಟ್ಟಿದ ಕೊಳವೆ ನೆನಪಾಗುತ್ತದೆ. ಬೇರೆಯವರ ಚೀಲಕ್ಕೂ ಅವಳು ಅಷ್ಟೇ ಒತ್ತಿದ್ದಳೇ? ನಾನು ಸರಿಯಾಗಿ ನೋಡಿದ್ದೆನೇ?

ಮೊನ್ನೆ ಚಿಗವ್ವ ಬಂದಿದ್ದಾಗ, ಬಾಟಲಿಯಿಂದ ಮೆಂತ್ಯ ತೆಗೆಯುತ್ತಾ ಕೇಳಿಯೇಬಿಟ್ಟೆ: "ಚಿಗವ್ವ, ಆ ಬಂಡಿ ನಿಮ್ಮಣ್ಣಂದು ಅಲ್ಲದಿದ್ರೂ ಅಷ್ಟು ಆಳ ಚುಚ್ಚತಿದ್ದಿಯೇನು?"

ಅಕ್ಕಿ ಆರಿಸುತ್ತಿದ್ದ ಅವಳು ಮೊರದಿಂದ ಒಂದು ನುಚ್ಚನ್ನು ಹೆಕ್ಕಿ, ಬೆಳಕಿಗೆ ಹಿಡಿದು, "ಅವತ್ತು ಮಂದಿ ನೋಡಾಕತ್ತಿದ್ರು" ಎಂದು ಮತ್ತೆ ಮೊರಕ್ಕೇ ಹಾಕಿದಳು.